ಘರ್ಕ್ಯಾ ಒದರದ ನಾಲ್ಕು ದಿನ

ಅಟ್ಟದ ಮೇಲಿನ ಮೂರನೆಯ ಗಡಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸಿದ್ದ ಶೇಖಪ್ಪ, ಏಣಿಯ ಬುಡದಿಂದ ತಾಯವ್ವನ ದನಿ ಬಂದದ್ದೇ ತಡ, ಹಾಲಿನ ಗಡಿಗೆಯಲ್ಲಿ ತಲೆ ಸಿಕ್ಕಿಸಿಕೊಂಡ ಬೆಕ್ಕಿನಂತೆ ನಿಂತುಬಿಟ್ಟ.

“ಶೇಖಪ್ಪಾ, ಮ್ಯಾಲ ಏನ್ ಹುಡಕಾಕತ್ತೀಯೋ?”

“ಹಗ್ಗ ಅಕ್ಕಾ. ಮಣ್ಣಿಗೆ ಒಯ್ಯೂ ವಿಮಾನಾ ಕಟ್ಟಾಕ ಹಗ್ಗ ಸಾಲವಲ್ದಂತ.”

“ಹುಣಸಿಹಣ್ಣಿನ ಗಡಗ್ಯಾಗ ಹಗ್ಗ ಇಡೂ ಪದ್ಧತಿ ನಿಮ್ಮನ್ಯಾಗ ಐತೇನು?”

ಶೇಖಪ್ಪ ಕೈ ಎಳೆದುಕೊಂಡ. ಐದು ಬೆರಳಿಗೂ ಹುಣಸೆ ಮೆತ್ತಿತ್ತು. ಗಂಡ ಕರಿಬಸಪ್ಪ ಸತ್ತು ಇನ್ನೂ ಒಂದು ದಿನ ತುಂಬಿಲ್ಲ, ಅಳುವುದು ಬಿಟ್ಟು ಈಕೆ ಅಟ್ಟ ಕಾಯುತ್ತಿದ್ದಾಳಲ್ಲ, ಯಾಕೆ? ಅವನಿಗೆ ಅನುಮಾನ ಬಂತು. ಮುಂಜಾನೆಯಿಂದ ಅವನಿಗೆ ಬರುತ್ತಿದ್ದದ್ದು ಅದೊಂದೇ.

ಅವನು ಹುಡುಕುತ್ತಿದ್ದದ್ದು ಹಗ್ಗವನ್ನಲ್ಲ. ಬಾಯಿಗೆ ಚರ್ಮ ಬಿಗಿದು, ಚರ್ಮದ ನಡುವೆ ಒಂದು ದಾರ ಇಳಿಬಿಟ್ಟ ಮಣ್ಣಿನ ಗಡಿಗೆಯನ್ನು. ಅದು ಈ ಮನೆಯಲ್ಲೇ ಎಲ್ಲೋ ಇತ್ತು. ಊರವರ ಕೈಗೆ ಸಿಕ್ಕರೆ ಕರಿಬಸಪ್ಪನ ಜೊತೆಗೆ ಶೇಖಪ್ಪನ ಹನ್ನೊಂದು ವರ್ಷದ ಪೈಲವಾನಗಿರಿಗೂ ಅದೇ ಕುಣಿಯಲ್ಲಿ ಮಣ್ಣು ಬೀಳುತ್ತಿತ್ತು.

ಹೊರಗೆ ಕಟ್ಟೆಯ ಮೇಲೆ ಕರಿಬಸಪ್ಪ ಕೂತಿದ್ದ. ಮೈತೊಳೆದು, ಹಣೆ ತುಂಬ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟು, ಬೆನ್ನ ಹಿಂದೆ ಕಂಬಳಿಯ ಗಂಟೊಂದನ್ನು ಆನಿಸಿ ಅವನನ್ನು ಕೂರಿಸಿದ್ದರು. ಕಾಡಿನಲ್ಲಿ ದಿಮ್ಮಿ ಎಳೆಯುವಾಗ ಕಾಲು ಮುರಿದುಕೊಂಡು ಬಂದು, ಆಮೇಲೆ ತೇಗಿನಕೊಪ್ಪದ ಕಬ್ಬು ಕಾಯುತ್ತ ಬದುಕು ಕಳೆದವನು. ಜೀವ ಇದ್ದಾಗ ಇಷ್ಟು ನೆಟ್ಟಗೆ ಒಂದು ದಿನವೂ ಕೂತವನಲ್ಲ. ತುಟಿಯ ಮೂಲೆಯಲ್ಲಿ ಆ ಹಳೆಯ ನಗೆ ಮಾತ್ರ ಹಾಗೇ ಇತ್ತು. ಸತ್ತ ಮೇಲೂ ಈ ಮನುಷ್ಯ ಏನೋ ಬಚ್ಚಿಟ್ಟುಕೊಂಡು ಕೂತಿದ್ದಾನೆ ಅನ್ನಿಸಿ ಶೇಖಪ್ಪ ಮುಖ ತಿರುಗಿಸಿದ.

ತಿರುಗಿಸಿದ ಕಡೆ ನಾಗಲಿಂಗಪ್ಪ ಮಾಸ್ತರರು ನೋಟ್‌ಬುಕ್ ಬಿಚ್ಚುತ್ತಿದ್ದರು.

ಮಾಸ್ತರರು ವರ್ಗವಾಗಿ ಈ ಊರಿಗೆ ಬಂದು ಎರಡು ವರ್ಷ. ಹಳ್ಳಿಯವರ ಬಾಯಿಂದ ಬಿದ್ದ ಮಾತನ್ನೆಲ್ಲ ಕಾಳು ಹೆಕ್ಕಿದಂತೆ ಹೆಕ್ಕಿ ಬರೆದುಕೊಳ್ಳುವುದು ಅವರ ಚಟ.

“ಸತ್ತವ್ರ ಮನ್ಯಾಗ ಕೇಳಬಾರದು, ಆದ್ರೂ ಕೇಳ್ತೇನಿ,” ಎಂದರು ಮಾಸ್ತರರು. “ಎಲ್ಲಾ ಹಿರ್ಯಾರೂ ಒಂದ ಕಡೆ ಮತ್ತ ಸಿಗೂದಿಲ್ಲ. ಘರ್ಕ್ಯಾ ಅಂದ್ರ ಏನ್ರಿ?”

ಯಾರಿಗೂ ಆಶ್ಚರ್ಯವಾಗಲಿಲ್ಲ. ಆ ಶಬ್ದವಿಲ್ಲದೆ ತೇಗಿನಕೊಪ್ಪದಲ್ಲಿ ಹೊತ್ತೇ ಹೋಗುತ್ತಿರಲಿಲ್ಲ. ಉಣ್ಣದ ಕೂಸಿಗೆ ಘರ್ಕ್ಯಾ ಬರುತ್ತಿತ್ತು. ಗೊರಕೆ ಹೊಡೆಯುವ ಗಂಡ ಘರ್ಕ್ಯಾ ಆಗುತ್ತಿದ್ದ. ದಾಂಡೇಲಿ ಕಡೆಯಿಂದ ದಿಮ್ಮಿ ಹೇರಿದ ಲಾರಿ ಏರು ಹತ್ತಲಾರದೆ ನರಳಿದರೆ, ಅದಕ್ಕೂ ಘರ್ಕ್ಯಾ ಮೆಟ್ಟಿದೆ ಅನ್ನುತ್ತಿದ್ದರು.

“ಎಮ್ಮಿಯಷ್ಟ ಎತ್ತರ,” ಎಂದಳು ನೆರೆಮನೆಯ ಗೋದುಬಾಯಿ. “ಹಂದಿ ಮಾರಿ. ಎರಡ ಕ್ವಾರಿಹಲ್ಲು. ಮೈತುಂಬ ಮುಳ್ಳು. ಬಾಲ ಇಲ್ಲ.”

“ನೋಡಿದವ್ರು ಯಾರು?”

ಅಂಗಳದ ಕಣ್ಣೆಲ್ಲ ಶೇಖಪ್ಪನ ಮೇಲೆ ಬಿದ್ದವು. ಅವನು ಎಡಭುಜವನ್ನು ತುಸು ಮುಂದೆ ಮಾಡಿ, ಗಂಟಲು ಸರಿಮಾಡಿಕೊಂಡು, “ಬಾಲ ಐತಿ,” ಎಂದ.

“ಹೋದ ದೀಪಾವಳ್ಯಾಗ ಇಲ್ಲ ಅಂದಿದ್ದೆಲ್ಲೋ?” ಎಂದಳು ಗೋದುಬಾಯಿ.

“ಬೆಳದಿರಬೇಕು.”

ಮಾಸ್ತರರು ಅದನ್ನೂ ಬರೆದುಕೊಂಡರು. “ಆತು. ಆ ಶಬ್ದ ಎಲ್ಲಿಂದ ಬಂತು?”

ಶವದ ಪಕ್ಕದಲ್ಲಿ ಕೂತಿದ್ದ ಜಂಗಮರು, ಬಸಲಿಂಗಯ್ಯನವರು, ಕಣ್ಣು ಮುಚ್ಚಿಯೇ ಉತ್ತರ ಕೊಟ್ಟರು. “ಪುರಾಣದಾಗ ಐತಿ. ವೀರಭದ್ರನ ಬೆವರಿನ ಹನಿ ನೆಲಕ್ಕ ಬಿದ್ದಾಗ ಹುಟ್ಟಿದ್ದು.”

“ಯಾವ ಪುರಾಣರಿ ಅಜ್ಜಾರ?”

“ನಮ್ಮನ್ಯಾಗ ಇತ್ತು. ಗೆದ್ದಲ ತಿಂತು.”

“ನಮ್ಮ ತವರ ಕಡೆ, ಜೋಯಿಡಾದಾಗ, ಕೊಂಕಣಿಯೊಳಗ ಇರಬೇಕ್ರಿ,” ಎಂದಳು ಗೋದುಬಾಯಿ.

“ಇರಬೇಕೋ, ಐತೋ?”

“ಇರಬೇಕು.”

ಮಾಸ್ತರರು ಪೆನ್ಸಿಲ್ ಕಿವಿಗೆ ಸಿಕ್ಕಿಸಿದರು. “ನಾ ನಿಘಂಟು ನೋಡೇನಿ, ಇಲ್ಲ. ಹಳಿಯಾಳದಾಗ ಕೇಳೇನಿ, ಮುಂಡಗೋಡದಾಗ ಕೇಳೇನಿ, ಅತ್ತಿವೇರಿ ಬೀಗರನ್ನೂ ಬಿಟ್ಟಿಲ್ಲ. ಯಾರಿಗೂ ಗೊತ್ತಿಲ್ಲ. ಈ ಪ್ರಾಣಿ ನಮ್ಮೂರ ಸೀಮಿ ದಾಟೂದಿಲ್ಲ. ಅಷ್ಟ ಅಲ್ಲ. ಮುಂಬೈ ರಾಜ್ಯದಾಗ ಇದ್ದಾಗ ಇದು ಇದ್ದಿದ್ದಿಲ್ಲ. ಮೈಸೂರು ರಾಜ್ಯ ಆದ ವರ್ಷ ಬಂದೈತಿ.”

“ಹಂಗಾರ ಬೆಂಗಳೂರಿನವ್ರು ಕಳಿಸ್ಯಾರೇನ್ರಿ?” ಎಂದು ಹಿಂದಿನಿಂದ ಯಾರೋ ಅಂದರು. ಅಂಗಳ ಒಮ್ಮೆ ಕಿಸಕ್ಕೆಂದು, ಶವ ನೆನಪಾಗಿ, ಸೆರಗು ಟವೆಲ್ಲುಗಳಲ್ಲಿ ಬಾಯಿ ಮುಚ್ಚಿಕೊಂಡಿತು.

ಮಾಸ್ತರರು ನಗಲಿಲ್ಲ. “ಅದೇ ವರ್ಷ ಕರಿಬಸಪ್ಪ ಕಬ್ಬು ಕಾಯಾಕ ಹತ್ತಿದ. ಈಗ ಜ್ವರ ಬಂದ ಹಾಸಗಿ ಹಿಡದು ನಾಕ್ ದಿನ ಆತು. ಘರ್ಕ್ಯಾ ಒದರದ ಎಷ್ಟ ದಿನ ಆತು? ಎಣಸ್ರಿ.”

ಜನ ಬೆರಳು ಮಡಚಿದರು. ಎಲ್ಲರ ಕೈಯಲ್ಲೂ ನಾಲ್ಕೇ ಬೆರಳು ಮಡಚಿಕೊಂಡವು. ಆ ನಾಲ್ಕು ದಿನಗಳಲ್ಲಿ ಕಾಡುಹಂದಿ ಹಳ್ಳದ ಕಡೆಯ ಕಬ್ಬನ್ನು ನುಗ್ಗುನುಗ್ಗು ಮಾಡಿದ್ದೂ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮೊದಲು ಕರಿಬಸಪ್ಪನನ್ನು, ಆಮೇಲೆ ಮೆಲ್ಲಗೆ ಶೇಖಪ್ಪನನ್ನು ನೋಡಿದರು. ಅಂಥ ಹೊತ್ತಿಗೆ ಟೆಂಟ್ ಸಿನೆಮಾದಲ್ಲಾದರೆ ಸಿಡಿಲು ಹೊಡೆಯುತ್ತದೆ. ಇಲ್ಲಿ ಒಂದು ಕೋಳಿ ಕೂಗಿತು.

ಹೆಂಗಸರ ಗುಂಪಿನಿಂದ ಶೇಖಪ್ಪನ ಹೆಂಡತಿ ಗುರುಸಿದ್ದವ್ವ ಎದ್ದಳು. ಸಾವಿನ ಮನೆ ಅಂತ ದನಿ ತಗ್ಗಿಸಿದ್ದಳು, ಆದರೂ ಅಂಗಳಕ್ಕೆಲ್ಲ ಕೇಳಿಸಿತು. “ಮಾಸ್ತರ್ರ, ನನ್ನ ಗಂಡನ ಭುಜಾ ಪ್ರತಿ ಅಮಾಸಿಗೆ ಎಣ್ಣಿ ಹಚ್ಚಿ ತಿಕ್ಕಾಕಿ ನಾನು. ಮೂರ ಉಗುರಿನ ಗೀರು ಅದಾವು. ನಿಮ್ಮ ನಿಘಂಟು ಅವನ್ನ ಅಳಸತೈತೇನು?”

“ಬ್ಯಾಡ ತಂಗಿ. ಒಂದ ಮಾತು. ಇವತ್ತ ಹೊತ್ತ ಮುಣುಗೂದ್ರಾಗ ಘರ್ಕ್ಯಾ ಒದರಿತಂದ್ರ ಈ ನೋಟಬುಕ್ಕ ನಿನ್ನ ಒಲಿಗೆ ಹಾಕ್ತೇನಿ. ಒದರಲಿಲ್ಲಂದ್ರ ನಾಳೆ ಶಾಲಿ ಬೋರ್ಡಿನ ಮ್ಯಾಲ ಬರೀತೇನಿ, ಘರ್ಕ್ಯಾ ಅಂದ್ರ ಕರಿಬಸಪ್ಪ. ಕುಸ್ತಿ ಸುದ್ದಿ ಆಮ್ಯಾಲ ಪೈಲವಾನ್ರು ಹೇಳಲಿ.”

“ಒದರತೈತಿ,” ಎಂದಳು ಗುರುಸಿದ್ದವ್ವ, ಗಂಡನನ್ನೇ ನೋಡುತ್ತ. “ಒದರದ ಎಲ್ಲಿ ಹೋಗತೈತಿ?”

ಆ ನೋಟದಲ್ಲಿ ನಂಬಿಕೆ ಎಷ್ಟಿತ್ತು, ಎಚ್ಚರಿಕೆ ಎಷ್ಟಿತ್ತು? ಶೇಖಪ್ಪ ತೂಗಿ ನೋಡುವಷ್ಟರಲ್ಲಿ ತಾಯವ್ವ ಕೂಗಿದಳು. “ಶೇಖಪ್ಪಾ, ಅವ್ರು ವಾಲಾಕತ್ತಾರ ನೋಡು. ಬೆನ್ನಿನ ಗಂಟು ಸರಿ ಮಾಡು.”

ಅವನು ಗಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಶವವನ್ನು ನೆಟ್ಟಗೆ ಮಾಡಿದ. ಕಣ್ಣು ಮಾತ್ರ ಅಡಿಗೆಮನೆಯ ಮಾಡಿನ ಕಡೆ, ಕಟ್ಟಿಗೆ ರಾಶಿಯ ಕಡೆ ಇತ್ತು.

*

ಹನ್ನೊಂದು ವರ್ಷದ ಹಿಂದೆ, ಮಂಜು ಇನ್ನೂ ಕಬ್ಬಿನ ಸೂಲಂಗಿ ಬಿಡದ ಮುಂಜಾವಿನಲ್ಲಿ, ಶೇಖಪ್ಪ ಪರರ ಹೊಲದಲ್ಲಿ ಕೂತು ಕಬ್ಬು ಮುರಿಯುತ್ತಿದ್ದ. ಮನೆಯಲ್ಲಿ ಕಬ್ಬು ಇರಲಿಲ್ಲವೆಂದಲ್ಲ. ಕದ್ದ ಕಬ್ಬಿನ ರುಚಿ ಬೇರೆ, ಅಷ್ಟೇ. ಮದುವೆಯಿಲ್ಲದ ಪ್ರಾಯ, ಹಲ್ಲು ಗಟ್ಟಿ.

ಐದನೆಯ ಜಲ್ಲೆ ಲಟ್ಟೆಂದಾಗ ಆ ದನಿ ಬಂತು.

ಅದು ಹುಲಿಯದಲ್ಲ, ಕರಡಿಯದೂ ಅಲ್ಲ. ನೆಲದ ಕೆಳಗಿರುವ ಯಾವುದೋ ಹಳೆಯ ಬಾಗಿಲನ್ನು ಯಾರೋ ಒದ್ದು ತೆಗೆದ ಹಾಗೆ ಇತ್ತು. ಶೇಖಪ್ಪ ದಾರಿ ನೋಡಲಿಲ್ಲ. ಗಜಗದ ಮುಳ್ಳುಕಂಟಿಯೊಳಗೆ ನುಗ್ಗಿದ. ಕಂಟಿ ಅವನ ಎಡಭುಜವನ್ನು ಮೂರು ಕಡೆ ಸೀಳಿತು, ಸೊಂಟದ ಧೋತರವನ್ನು ಹಿಡಿದು ಇಟ್ಟುಕೊಂಡಿತು. ಅವನು ಲಂಗೋಟಿಯಲ್ಲಿ ಓಡಿದ. ಓಡಿದವನು ನಿಂತದ್ದು ಊರ ಬಾವಿಯ ಹತ್ತಿರ, ಎಂಟು ಕೊಡ, ಎಂಟು ಹೆಂಗಸರ ನಡುವೆ.

“ಯವ್ವಾ! ಏನಾತೋ?” ಗೋದುಬಾಯಿಯ ಕೈಯಿಂದ ಹಗ್ಗ ಜಾರಿತು.

ಶೇಖಪ್ಪನ ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದವು. ಕಿವಿಯಲ್ಲಿ ಇನ್ನೂ ಇದ್ದ ಆ ದನಿಯೇ ಬಾಯಿಗೆ ಬಂತು. “ಘರ್ರ್… ಘರ್ಕ್… ಅಂತ ಒದರಿತು…”

“ಘರ್ಕ್ ಅಂತೇನು? ಯಾವ ಘರ್ಕ್ಯಾನೋ ಅದು?”

ಹೀಗೆ ಆ ಮೃಗಕ್ಕೆ ಹೆಸರು ಬಿತ್ತು. ತೊಟ್ಟಿಲು ಕಟ್ಟಲಿಲ್ಲ, ಸಕ್ಕರೆ ಹಂಚಲಿಲ್ಲ. ಶೇಖಪ್ಪ ತನ್ನ ಭುಜದ ರಕ್ತ ನೋಡಿದ, ಲಂಗೋಟಿ ನೋಡಿದ, ಎಂಟು ಮುಖ ನೋಡಿದ. ಕಬ್ಬು ಕದಿಯಲು ಹೋಗಿ ಹೆದರಿ ಓಡಿಬಂದೆ ಅನ್ನುವುದೊಂದು ದಾರಿ. ಆ ದಾರಿಯಲ್ಲಿ ಅವನು ಜೀವಮಾನದಲ್ಲಿ ಯಾವತ್ತೂ ಕಾಲಿಟ್ಟವನಲ್ಲ.

“ಮೈಮ್ಯಾಲ ಬಿತ್ತು,” ಎಂದ. “ನಾ ಬಿಡಲಿಲ್ಲ. ಕ್ವಾರಿಹಲ್ಲು ಹಿಡದು ತಿರುವಿದೆ. ಇವತ್ತ ನೀ ಇರಬೇಕು, ಇಲ್ಲಾ ನಾ ಇರಬೇಕು, ಅಂದೆ.”

“ಅದಕ್ಕ ತಿಳೀತೇನು?”

“ತಿಳದ ಓಡಿತಲ್ಲ.”

“ಧೋತರ?”

“ತಿಂತು.”

ರೊಟ್ಟಿ ತಿನ್ನುವ ಹೊತ್ತಿಗೆ ಘರ್ಕ್ಯಾನ ಮೈಗೆ ಮುಳ್ಳು ಬಂದವು. ಮಧ್ಯಾಹ್ನಕ್ಕೆ ಅದು ಎಮ್ಮೆಯಷ್ಟು ಬೆಳೆಯಿತು. ತಿಂಗಳೊಳಗೆ ಮುಂಡಗೋಡ ಕಡೆಯಿಂದ ಹೆಣ್ಣು ಬಂತು. ಹಳಿಯಾಳದಲ್ಲಿ ಸೈಕಲ್ ಇದ್ದ ಗಂಡನ್ನು ಬಿಟ್ಟು ಗುರುಸಿದ್ದವ್ವ ಈ ಭುಜವನ್ನು ಆರಿಸಿಕೊಂಡಳು. ಗರಡಿಯ ಮಣ್ಣು ಮುಟ್ಟದವನು ಊರಿಗೆ ಪೈಲವಾನನಾದ.

ಕುಳಗಿಯ ಕ್ಯಾಂಪಿನಿಂದ ಅರಣ್ಯದ ಸಾಹೇಬರೊಬ್ಬರು ಬಂದೂಕು ಹಿಡಿದು ವಿಚಾರಣೆಗೆ ಬಂದರು. ಇಂಥ ಪ್ರಾಣಿ ಕಾಡಿನ ಲೆಕ್ಕದಲ್ಲೇ ಇಲ್ಲವಲ್ಲ ಎಂದರು. ಕಾವಲುಗಾರ ಯಾರು, ಕರೆಯಿರಿ ಎಂದರು. ಶೇಖಪ್ಪ ಗುಂಪಿನ ಹಿಂದಕ್ಕೆ ಸರಿದ. ಕರಿಬಸಪ್ಪ ಕೋಲೂರಿಕೊಂಡು ಬಂದು ಕೈಮುಗಿದ.

“ಹೌದ್ರಿ ಸಾಹೇಬ್ರ. ಒದರಿದ್ದು ಕೇಳೇನಿ. ಪೈಲವಾನ್ರು ಹಾಕಿದ ಪಟ್ಟೂ ನೋಡೇನಿ. ಅಂಥಾ ಪಟ್ಟು ಮತ್ತೊಬ್ಬ ಹಾಕೂದಿಲ್ಲ.”

ಸಾಹೇಬರು ಹೋದ ಮೇಲೆ ಶೇಖಪ್ಪನ ಕಡೆ ತಿರುಗಿ, ತುಟಿಯ ಮೂಲೆಯಲ್ಲಿ ನಕ್ಕು, ಕರಿಬಸಪ್ಪ ಕೇಳಿದ. “ಪೈಲವಾನ್ರ, ಭುಜ ಹೆಂಗೈತ್ರಿ?”

“ಚಲೋ ಐತಿ.”

ಅಲ್ಲಿಂದ ಹನ್ನೊಂದು ವರ್ಷ, ಎದುರಾದಾಗೆಲ್ಲ ಅದೇ ಪ್ರಶ್ನೆ. ಅಂಗಡಿಯ ಮುಂದೆ, ಗಾಣದ ಮನೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಅದೇ ನಗೆ. ಅಣಕವೋ, ಬೆದರಿಕೆಯೋ? ಗೊತ್ತಿದ್ದರೆ ಯಾಕೆ ಹೇಳುತ್ತಿಲ್ಲ, ಯಾವ ದಿನಕ್ಕೆ ಕಾಯುತ್ತಿದ್ದಾನೆ? ಶೇಖಪ್ಪ ಕರಿಬಸಪ್ಪನ ನೆರಳು ಕಂಡರೆ ಓಣಿ ಬದಲಿಸತೊಡಗಿದ. ಓಣಿ ಬದಲಿಸಿದರೂ ಹಿಂದಿನಿಂದ ಬರುತ್ತಿತ್ತು, “ಪೈಲವಾನ್ರ, ಭುಜ ಹೆಂಗೈತ್ರಿ?”

“ಚಲೋ ಐತಿ!”

*

ವಿಮಾನ ಎತ್ತಬೇಕು ಅನ್ನುವಷ್ಟರಲ್ಲಿ ಊರ ಬಾಗಿಲ ಕಡೆಯಿಂದ ಸೈಕಲ್ ಗಂಟೆ ಕೇಳಿತು.

“ಠಹರೋ! ಈ ಕಾಸಿಂಸಾಬ ಬರೂತನಾ ದೋಸ್ತನ ಸವಾರಿ ಹೊರಡಬಾರದು!”

ಹಳಿಯಾಳದಲ್ಲಿ ಕಾಸಿಂಸಾಬನದು ಚರ್ಮದ ಕೆಲಸದ ಅಂಗಡಿ. ಎತ್ತಿನ ಕೊರಳಪಟ್ಟಿ, ಹಲಗೆ, ಡೊಳ್ಳು, ಹರಿದದ್ದು ಏನಿದ್ದರೂ ಹೊಲಿಯುತ್ತಿದ್ದ. ಟೆಂಟ್ ಟಾಕೀಜಿನಲ್ಲಿ ಬಂದ ಯಾವ ಆಟವನ್ನೂ ಬಿಟ್ಟವನಲ್ಲ. ಹೀಗಾಗಿ ಹೆಂಡತಿಯನ್ನು ನೀರು ಕೇಳುವುದಿದ್ದರೂ ಎದೆಯ ಮೇಲೆ ಕೈ ಇಟ್ಟು ಕೇಳುತ್ತಿದ್ದ. ಈಗ ಅದೇ ಕೈ ಎದೆಯ ಮೇಲಿತ್ತು, ಕಣ್ಣು ಮಾತ್ರ ನಿಜವಾಗಿ ಒದ್ದೆಯಾಗಿದ್ದವು.

ಶೇಖಪ್ಪ ಕಣ್ಣು ನೋಡಲಿಲ್ಲ. ಸೈಕಲ್ಲಿನ ಹಿಂದೆ ಕಟ್ಟಿದ ಚೀಲ ನೋಡಿದ. ಚೀಲ ಗುಂಡಗಿತ್ತು. ಗಡಿಗೆಯಷ್ಟು ಗುಂಡಗೆ.

*

ನಾಲ್ಕು ವರ್ಷದ ಹಿಂದೆ, ಸಂತೆಯ ದಿನ, ಶೇಖಪ್ಪ ಕಾಸಿಂಸಾಬನ ಅಂಗಡಿಯಲ್ಲಿ ಬಾರುಕೋಲಿಗೆ ಬಾರು ಹಾಕಿಸಲು ಕೂತಿದ್ದ. ಮೂಲೆಯಲ್ಲಿ, ಬಾಯಿಗೆ ಹೊಸ ಚರ್ಮ ಬಿಗಿದ ಒಂದು ಗಡಿಗೆ ಒಣಗುತ್ತಿತ್ತು.

“ಇದ್ಯಾರದು?”

“ನಿಮ್ಮೂರ ಕರಿಬಸಪ್ಪಂದು. ಕಬ್ಬು ಆಳೆತ್ತರ ಬಂತಂದ್ರ ಹೊಸಾ ಚರ್ಮ ಹಾಕಸ್ತಾನ.” ಕಾಸಿಂಸಾಬ ಬೆರಳಿಗೆ ರಾಳ ತಿಕ್ಕಿ, ಚರ್ಮದ ನಡುವಿನ ದಾರವನ್ನು ಮೇಲಿನಿಂದ ಕೆಳಗೆ ಜಗ್ಗಿದ. “ಕಾಲ ಮುರದ ಮನುಷ್ಯ. ಹಂದಿ ಹಿಂದ ಓಡಾಕ ಆಗೂದಿಲ್ಲ. ಅದಕ ಹಂದೀನ ಓಡಸ್ತಾನ.”

ಗಡಿಗೆ ಬಾಯಿಬಿಟ್ಟಿತು. ನೆಲದ ಕೆಳಗಿನ ಅದೇ ಹಳೆಯ ಬಾಗಿಲು. ಶೇಖಪ್ಪನ ಭುಜದ ಮೂರು ಗೀರು ಒಮ್ಮೆಲೇ ಎದ್ದು ನಿಂತವು.

“ಪೈಲವಾನ್ ಭಾಯ್, ಯಾಕ ಬೆವರಾಕತ್ತೀರಿ?”

“ಬಿಸಲು.”

“ನೆಳ್ಳಾಗ ಕುಂತೀರಲ್ಲ!”

ಶೇಖಪ್ಪ ಬಾರುಕೋಲನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದ. ಆವತ್ತಿನಿಂದ ಅವನಿಗೆ ಗೊತ್ತಿತ್ತು. ಕಾಸಿಂಸಾಬನಿಗೆ ಎಷ್ಟು ಗೊತ್ತು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

*

ವಿಮಾನದ ಒಂದು ಬೊಂಬಿಗೆ ಶೇಖಪ್ಪ ಹೆಗಲು ಕೊಟ್ಟ, ಸೈಕಲ್ ಯಾವ ಬದಿಗಿತ್ತೋ ಆ ಬದಿಯದಕ್ಕೆ. ಮುಂದೆ ತಾಳ, ಭಜನೆ, ಹರಹರ ಮಹಾದೇವ. ಕರಿಬಸಪ್ಪ ಮೇಲೆ ಕೂತು, ಹೆಜ್ಜೆ ಹೆಜ್ಜೆಗೂ ತಲೆಯಾಡಿಸುತ್ತ, ಊರಿಗೆಲ್ಲ ಹೂಂ ಅನ್ನುತ್ತಿದ್ದ. ಕಾಸಿಂಸಾಬ ಸೈಕಲ್ ತಳ್ಳಿಕೊಂಡು ಪಕ್ಕದಲ್ಲೇ ಬರುತ್ತಿದ್ದ.

“ಸಾಬ್ರ, ಚೀಲದಾಗ ಏನೈತಿ?” ಶೇಖಪ್ಪ ಪಿಸುಗುಟ್ಟಿದ.

“ಅವಂಗ ಬೇಕಾದ್ದು.”

“ಈಗ ತಗೀಬ್ಯಾಡ್ರಿ. ಮಾಸ್ತರ್ರು ನೋಡಾಕತ್ತಾರ.”

“ಕುಣಿ ಹತ್ರನ ತಗೀಬೇಕು ಅದನ್ನ. ಎಲ್ಲಾರ ಮುಂದ.”

ಶೇಖಪ್ಪನ ಹೆಗಲಿನ ಬೊಂಬು ಜಾರಿತು. ವಿಮಾನ ವಾಲಿತು, ಜನ ಹೋ ಎಂದರು. ಎಲ್ಲರ ಮುಂದೆ! ಅಂದರೆ ಇವರಿಬ್ಬರೂ ಮಾತಾಡಿಕೊಂಡೇ ಇದ್ದಾರೆ. ಸತ್ತವನು ಸಾಯುವ ಮುಂಚೆಯೇ ಇದಕ್ಕೆಲ್ಲ ದಿನ ಗೊತ್ತುಮಾಡಿ ಹೋಗಿದ್ದಾನೆ.

ಊರ ಹೊರಗೆ ಕುಣಿ ಕಾಯುತ್ತಿತ್ತು. ಕರಿಬಸಪ್ಪನನ್ನು ಇಳಿಸಿ ಒಳಗಿನ ಗೂಡಿನಲ್ಲಿ ಕೂರಿಸಿದರು. ಬಸಲಿಂಗಯ್ಯನವರು ಮಂತ್ರ ಹೇಳಿ, ಪದ್ಧತಿಯಂತೆ ಶವದ ತಲೆಯ ಮೇಲೆ ಪಾದವಿಟ್ಟರು, ವಿಭೂತಿ ಸುರಿದರು. “ಪತ್ರಿ ಎಲ್ಲಿ?” ಎಂದರು.

ಕಾಸಿಂಸಾಬ ಚೀಲದ ಬಾಯಿ ಬಿಚ್ಚಿದ. ಶೇಖಪ್ಪ ಕಣ್ಣು ಮುಚ್ಚಿಕೊಂಡ.

ತೆರೆದಾಗ ಕುಣಿಯ ಅಂಚಿನ ತುಂಬ ಹಸಿರು ಬಿಲ್ವಪತ್ರಿ ಇತ್ತು. “ನನ್ನ ಅಂಗಡಿ ಹಿತ್ತಲದಾಗ ಐತ್ರಿ ಗಿಡಾ,” ಎಂದ ಕಾಸಿಂಸಾಬ. “ಸಂತಿಗೆ ಬಂದಾಗೆಲ್ಲಾ ಅದರ ಬುಡಕ್ಕ ಒಂದ ತಂಬಿಗಿ ನೀರ ಹಾಕಿ ಹೋಗಾಂವ.”

ಎಲ್ಲರೂ ಮಣ್ಣು ಕೊಟ್ಟರು. ಶೇಖಪ್ಪನ ಸರದಿ ಬಂತು. ಪತ್ರಿಯ ನಡುವೆ ಮುಖದ ಅರ್ಧ ಇನ್ನೂ ಕಾಣುತ್ತಿತ್ತು. ನಗೆ ಇದ್ದ ಕಡೆಯ ಅರ್ಧ.

“ಎಲ್ಲಿ ಇಟ್ಟೀಯೋ ಮಾರಾಯಾ?” ಎಂದ ಶೇಖಪ್ಪ, ತುಟಿ ಅಲ್ಲಾಡಿಸದೆ.

ಪಕ್ಕದಲ್ಲಿ ನಿಂತಿದ್ದ ಮಾಸ್ತರರು ಬಗ್ಗಿದರು. “ಏನಂದ್ರಿ ಪೈಲವಾನ್ರ?”

“ಶಿವಾ ಶಿವಾ ಅಂದೇರಿ.”

*

ಕುಣಿಯಿಂದ ಬಂದವರು ಕಾಲು ತೊಳೆದು, ಒಳಗೆ ಹಚ್ಚಿಟ್ಟ ದೀಪ ನೋಡಿ, ಮಾತಿಲ್ಲದೆ ಮನೆಗೆ ಹೋಗುವುದು ಪದ್ಧತಿ. ಎಲ್ಲರೂ ಹೋದರು. ಶೇಖಪ್ಪ ದೀಪ ನೋಡಿದವನೇ ಮತ್ತೆ ಅಟ್ಟ ನೋಡಿದ.

“ಕದಾ ಮುಂದ ಮಾಡಿ ಬಾ,” ಎಂದಳು ತಾಯವ್ವ.

ದೀಪದ ಮುಂದೆ ಕೂತಿದ್ದ ಅವಳು ಪಕ್ಕದಲ್ಲಿದ್ದ ಕಂಬಳಿಯ ಗಂಟನ್ನು ಎಳೆದುಕೊಂಡಳು. ಬೆಳಗಿನಿಂದ ಶವದ ಬೆನ್ನಿಗೆ ಆನಿಸಿದ್ದ, ವಿಮಾನ ಎತ್ತುವಾಗ ಅವಳು ಒಳಗೆ ತಂದಿಟ್ಟ ಗಂಟು. ಬಿಚ್ಚಿದಳು. ಕಂಬಳಿಯೊಳಗೆ ಒಂದು ಧೋತರವಿತ್ತು, ಧೋತರದೊಳಗೆ ಗಡಿಗೆ.

ಶೇಖಪ್ಪನಿಗೆ ಗಡಿಗೆ ಕಾಣಲಿಲ್ಲ. ಕೆಂಪಂಚಿನ ಧೋತರ ಕಾಣಿಸಿತು. ಒಂದು ಮೂಲೆಯಲ್ಲಿ ಅವನ ಅವ್ವ ನೀಲಿ ದಾರದಿಂದ ಹಾಕಿದ ಹೊಲಿಗೆ ಇತ್ತು. ಗಜಗದ ಮುಳ್ಳು ಹರಿದ ಕಡೆ ಬೇರೆ ಯಾರೋ ಬಿಳಿ ದಾರದಿಂದ ಹೊಲಿದಿದ್ದರು.

“ಇದನ್ನ ಘರ್ಕ್ಯಾ ತಿಂದಿತ್ತಲ್ಲ?” ಎಂದಳು ತಾಯವ್ವ.

ಅವನು ಅಲ್ಲೇ ಕೂತು ಧೋತರದ ಅಂಚು ಹಿಡಿದ. “ಎಲ್ಲಿತ್ತಕ್ಕಾ ಇದು?”

“ನೀನ ಮುಂಜಾನೆ ಒತ್ತಿ ಹಿಡದಿದ್ದೆಲ್ಲೋ. ಊರಾಗ ಯಾರೂ ಹೆಣದ ಬೆನ್ನ ಹಿಂದ ಕೈ ಹಾಕೂದಿಲ್ಲಂತ ಅಲ್ಲಿ ಇಟ್ಟೆ. ನೀ ಅಟ್ಟದ ಮ್ಯಾಲ ಹುಡಕಾಕತ್ತಿದ್ದಿ.”

“ನನಗ ಕೊಡಬೇಕಿತ್ತು… ಧೋತರ.”

“ಹೆಂಗ ಕೊಡೂದು? ಘರ್ಕ್ಯಾ ತಿಂತು ಅಂತ ನೀ ಊರ ಮುಂದ ಹೇಳಿಬಿಟ್ಟಿದ್ದಿ. ಕೊಟ್ರ ನಿನ್ನ ಮಾರಿ ಏನಾಗತಿತ್ತು? ಹರದಿದ್ದು ನಾನ ಹೊಲದೆ. ಇರಲಿ ತಗೋ, ಗಡಗಿಗೆ ಹೊಚ್ಚತೇನಿ ಅಂದ್ರು ಅವ್ರು.” ತಾಯವ್ವ ದೀಪದ ಬತ್ತಿ ಸರಿಮಾಡಿದಳು. “ಮಂಜಿನಾಗ ಕಾಣಸಲಿಲ್ಲಂತ. ಹಂದಿ ಅಂತ ತಿಳದು ಜಗ್ಗಿದ್ರು. ಮನಷ್ಯಾ ಒದರಿದ್ದು ಕೇಳಿ ಕುಂಟಕೋತ ಓಡಿ ಹೋದ್ರ, ಮುಳ್ಳಾಗ ರಕ್ತಾ, ಧೋತರಾ. ನನ್ನ ಕೈಯಿಂದ ಹುಡುಗನ ಭುಜ ಹೋತು ಅಂತ ಮೂರ ದಿನ ಉಣಲಿಲ್ಲ.”

ಶೇಖಪ್ಪ ಬಿಳಿ ದಾರದ ಹೊಲಿಗೆಯ ಮೇಲೆ ಬೆರಳು ಆಡಿಸಿದ.

“ದಿನಾ ಕೇಳತೇನಿ, ಒಂದ ದಿನಾನೂ ಖರೇ ಹೇಳವಲ್ಲ, ಚಲೋ ಐತಿ ಅಂತ ಸಿಟ್ಟಿಲೆ ಹೋಗತಾನ, ಅಂತಿದ್ರು. ನಿನ್ನೆ ಜ್ವರದಾಗೂ ಅದ ಮಾತು. ಪೈಲವಾನ್ರ ಭುಜ ಹೆಂಗೈತಿ ಕೇಳಿ ಬಾ, ಅಂದ್ರು. ನಾ ಹೋಗಲಿಲ್ಲ. ಹೋಗಿ ಬಂದೆ, ಚಲೋ ಐತಂತ, ಅಂದೆ. ಆಮ್ಯಾಲ ಮಾತಾಡಲಿಲ್ಲ.”

ಹೊರಗೆ ಹೊತ್ತು ಇಳಿಯುತ್ತಿತ್ತು. ಶಾಲೆಯ ಕಟ್ಟೆಯ ಮೇಲೆ ಮಾಸ್ತರರು ಕಬ್ಬಿನ ಕಡೆ ಮುಖ ಮಾಡಿ ಕೂತಿರುವುದು ಕದದ ಸಂದಿನಿಂದ ಕಾಣುತ್ತಿತ್ತು. ತೊಡೆಯ ಮೇಲೆ ನೋಟ್‌ಬುಕ್, ಸುತ್ತ ಹತ್ತಿಪ್ಪತ್ತು ಜನ.

“ನಾಳಿಂದ ನಾ ಕಾಯ್ತೇನಿ,” ಎಂದಳು ತಾಯವ್ವ. “ನನ್ನ ರೊಟ್ಟಿ ಈ ಗಡಗ್ಯಾಗ ಐತಿ. ಗಡಗಿ ಅಂತ ಊರಿಗೆ ಗೊತ್ತಾದ್ರ ಮನಿಗೊಂದು ಗಡಗಿ ಮಾಡಕೋತಾರ. ಆಮ್ಯಾಲ ಈ ಮುದಕಿಗೆ ಯಾರ ಕಬ್ಬು ಕಾಯಾಕ ಹಚ್ಚತಾರ? ಆದ್ರ ಇವತ್ತ ಈ ದೀಪ ಬಿಟ್ಟು ನಾ ಹೊಸ್ತಲಾ ದಾಟಂಗಿಲ್ಲ. ಏನ್ ಮಾಡತೀಯೋ ನೋಡು. ಹಂದಿ ಕಾಯೂದಿಲ್ಲ, ಮಾಸ್ತರೂ ಕಾಯೂದಿಲ್ಲ.”

ಶೇಖಪ್ಪ ಗಡಿಗೆಯನ್ನು ಧೋತರದಲ್ಲಿ ಸುತ್ತಿ, ಹಿತ್ತಲಿನ ಬಾಗಿಲಿನಿಂದ ಹೊರಬಿದ್ದ. ಗಡಿಗೆಯನ್ನು ಬೇಲಿಯ ಹಿಂದೆ ಬಚ್ಚಿಟ್ಟು ಹೆಂಡತಿಗೆ ಒಂದು ಸುಳ್ಳು ಹೇಳಿ ಬರೋಣವೆಂದು ಮನೆಗೆ ಹೋದರೆ, ಗುರುಸಿದ್ದವ್ವ ಹೊಸ್ತಿಲಲ್ಲೇ ನಿಂತಿದ್ದಳು. ಇವತ್ತು ಅಮಾವಾಸ್ಯೆ. ಎಣ್ಣೆಯ ಬಟ್ಟಲು ಗೂಡಿನಲ್ಲೇ ಇತ್ತು.

“ಎಣ್ಣಿ ಈಗ ಬ್ಯಾಡ,” ಎಂದಳು. “ಕೈ ಜಾರತಾವು. ಬಂದ ಮ್ಯಾಲ ಹಚ್ಚತೇನಿ. ಹೋಗಿ ಬರ್ರಿ.”

ಎಲ್ಲಿಗೆ ಅಂತ ಅವಳು ಕೇಳಲಿಲ್ಲ. ಹೋಗುತ್ತೇನೆ ಅಂತ ಅವನು ಹೇಳಿಯೂ ಇರಲಿಲ್ಲ. ಹೊಲದ ದಾರಿಯುದ್ದಕ್ಕೂ ಅವನು ಎರಡು ಸಲ ಹಿಂದಿರುಗಿ ನೋಡಿದ.

*

ಕಬ್ಬಿನ ನಡುವೆ ಕರಿಬಸಪ್ಪ ಕೂರುತ್ತಿದ್ದ ಜಾಗ ಸವೆದು ಹೊಂಡವಾಗಿತ್ತು. ಚಾಚಿದ ಒಂದು ಕಾಲಿಗೆ ಒಂದು ಗೀಟು, ಮಡಚಿದ ಕಾಲಿಗೆ ಒಂದು ತಗ್ಗು. ಶೇಖಪ್ಪ ಅದರಲ್ಲೇ ಕೂತ. ಅವನ ಮೈಗೆ ಆ ತಗ್ಗು ಹೊಂದಲಿಲ್ಲ. ಒಂದು ಕಾಲು ಚಾಚಿದ ಮೇಲೆ ಹೊಂದಿತು.

ಗಡಿಗೆಯನ್ನು ತೊಡೆಯ ಸಂದಿಗೆ ಸಿಕ್ಕಿಸಿ ದಾರ ಜಗ್ಗಿದ. ಅದು ಎಳೆಗರುವಿನಂತೆ ಅಂಬಾ ಎಂದಿತು. ದೂರದಲ್ಲಿ, ಶಾಲೆಯ ಕಟ್ಟೆಯ ಮೇಲೆ, ಯಾರೋ ನಕ್ಕ ಹಾಗಾಯಿತು. ಹಳ್ಳದ ಕಡೆ ಜಲ್ಲೆ ಮುರಿಯುವ ಸದ್ದು ಶುರುವಾಗಿತ್ತು.

ಧೋತರದ ಸೆರಗಿನಲ್ಲಿ ರಾಳದ ಪುಡಿ ಕಟ್ಟಿತ್ತು. ಬೆರಳಿಗೆ ತಿಕ್ಕಿದ. ದಾರದ ಒಂದು ಕಡೆ, ಹೆಬ್ಬೆರಳಷ್ಟು ಅಗಲ, ಹನ್ನೊಂದು ವರ್ಷ ಜಗ್ಗಿ ಜಗ್ಗಿ ನುಣುಪಾದ ಜಾಗವಿತ್ತು. ಅಲ್ಲಿ ಹಿಡಿದ. ಎಡಭುಜ ಮೇಲೆತ್ತಿ, ಉಸಿರು ಬಿಗಿಹಿಡಿದು, ಕೆಳಗೆ ಎಳೆದ.

ನೆಲದ ಕೆಳಗಿನ ಬಾಗಿಲು ತೆರೆಯಿತು.

ಹಂದಿಗಳು ಧಡಧಡನೆ ಹಳ್ಳ ಹಾರಿದವು. ತಾನೇ ಎಳೆದ ದನಿಗೆ ಶೇಖಪ್ಪನ ಮೈಯ ರೋಮ ನೆಟ್ಟಗಾದವು. ಹಳೆಯ ಮೂರು ಗೀರು ಬೆಂಕಿ ತಗುಲಿದಂತೆ ಉರಿದವು. ಮತ್ತೆ ಎಳೆದ. ಮತ್ತೆ.

ಊರಿನಲ್ಲಿ ಮೊದಲು ಶಾಲೆಯ ಬಾಗಿಲು ಬಡಿದುಕೊಂಡಿತು. ಆಮೇಲೆ ಗೋದುಬಾಯಿಯದು, ಆಮೇಲೆ ಬಸಲಿಂಗಯ್ಯನವರದು, ಒಂದಾದ ಮೇಲೊಂದು, ಓಣಿಯ ಈ ತುದಿಯಿಂದ ಆ ತುದಿಯವರೆಗೆ, ಅಗುಳಿ ಬೀಳುವ ಸದ್ದು ಕಬ್ಬಿನವರೆಗೂ ಬಂತು. ದೀಪಗಳು ಬಾಗಿಲ ಹಿಂದೆ ಅಡಗಿದವು.

ಒಂದು ಮನೆಯ ಬಾಗಿಲು ಮಾತ್ರ ಆ ಸದ್ದಿಗೆ ತೆರೆಯಿತು. ತಾಯವ್ವನ ದೀಪದ ಬೆಳಕು ಹೊಸ್ತಿಲು ದಾಟಿ, ಬೆಳಿಗ್ಗೆ ಕರಿಬಸಪ್ಪ ಕೂತಿದ್ದ ಕಟ್ಟೆಯ ಮೇಲೆ ಬಂದು ಬಿತ್ತು.